ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದ್ದು ಯಾರು? ಲೀ ಒಂದು ಹೇಳುತ್ತಾರೆ, ಡಿಟ್ಕೊ ಇನ್ನೊಂದು, ಕರ್ಬಿ ಮತ್ತೊಂದು

ಕರಿಶಾಯಿ
ಶನಿವಾರ, ರಾತ್ರಿ 9.40

ನಿನ್ನೆ ಮಗಳ ಜೊತೆ ಸ್ಪೈಡರ್‌ಮ್ಯಾನ್ ಸಿನಿಮಾ ನೋಡುತ್ತಿದ್ದೆ. ಕೊನೆಯಲ್ಲಿ ಹೆಸರುಗಳು ಓಡುವಾಗ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ ಅಂತ ಎರಡು ಹೆಸರು ಬಂತು. "ಸಿನಿಮಾದ ಮಧ್ಯೆ ಬಂದು ಹೋಗ್ತಾರಲ್ಲ ಆ ಅಜ್ಜ, ಅವರೊಬ್ಬರೇ ಅಲ್ವಾ ಮಾಡಿದ್ದು?" ಎಂದು ಕೇಳಿದಳು. ಉತ್ತರ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ.

ಆ ಅಜ್ಜ, ಅಂದರೆ ಮಾರ್ವೆಲ್ ಕಾಮಿಕ್ಸ್ ಕಂಪನಿಯ ಸಂಪಾದಕ, ಬರಹಗಾರ ಲೀ, ಹೇಳುವ ಕಥೆ ಎಲ್ಲರಿಗೂ ಗೊತ್ತು. ಗೋಡೆಯ ಮೇಲೆ ನೊಣ ಹತ್ತುತ್ತಿತ್ತು, ಅದನ್ನು ನೋಡಿ ಹೊಳೆಯಿತು. ಮಾಲೀಕ ಮಾರ್ಟಿನ್ ಗುಡ್‌ಮನ್ ಬೇಡವೆಂದರು. ಜನಕ್ಕೆ ಜೇಡ ಅಂದರೆ ಅಸಹ್ಯ, ಹದಿಹರೆಯದ ಹುಡುಗ ನಾಯಕನ ಚೇಲಾ ಆಗಬಹುದೇ ಹೊರತು ನಾಯಕ ಆಗಲಾರ ಎಂದರಂತೆ. ಹೇಗೂ ನಿಂತುಹೋಗುವ ಪತ್ರಿಕೆ ಒಂದಿತ್ತು. ಅದರ ಕೊನೆಯ ಸಂಚಿಕೆಗೆ, ಅಂದರೆ 1962ರ ಆಗಸ್ಟ್‌ನ ಅಮೇಜಿಂಗ್ ಫ್ಯಾಂಟಸಿ 15ಕ್ಕೆ, ಲೀ ಇದನ್ನು ತುರುಕಿದರು.

ಅಲ್ಲಿನ ಚಿತ್ರಕಾರ ಜ್ಯಾಕ್ ಕರ್ಬಿ 1990ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಕಡ್ಡಿ ಮುರಿದಂತೆ ಹೇಳಿದರು: ಸ್ಪೈಡರ್‌ಮ್ಯಾನ್ ನನ್ನದು, ವೇಷವೂ ನನ್ನದು, ಮೊದಲ ಮುಖಪುಟವೂ ನನ್ನದು.

ಇನ್ನೊಬ್ಬ ಚಿತ್ರಕಾರ ಡಿಟ್ಕೊ ಹೇಳಿದ್ದು ಬೇರೆ. ಕರ್ಬಿ ಐದು ಪುಟ ಪೆನ್ಸಿಲಿನಲ್ಲಿ ಬರೆದಿದ್ದು ನಿಜ. ಅದರಲ್ಲಿ ಒಬ್ಬ ಹುಡುಗ ಮಾಯಾ ಉಂಗುರದಿಂದ ದೊಡ್ಡವನಾಗುತ್ತಾನೆ, ಕೈಯಲ್ಲಿ ಬಲೆ ಎಸೆಯುವ ಬಂದೂಕು. ಇದು ಕರ್ಬಿ ಮತ್ತು ಜೋ ಸೈಮನ್ 1959ರಲ್ಲಿ ಆರ್ಚಿ ಕಾಮಿಕ್ಸ್‌ಗೆ ಮಾಡಿದ 'ದಿ ಫ್ಲೈ' ಥರವೇ ಇದೆಯಲ್ಲ ಎಂದು ಡಿಟ್ಕೊ ತೋರಿಸಿಕೊಟ್ಟರು. ಆ ಪುಟಗಳು ಬಿದ್ದುಹೋದವು, ಕೆಲಸ ಡಿಟ್ಕೊ ಕೈಗೆ ಬಂತು. ಸೈಮನ್ ಬೇರೆ ಮಧ್ಯದಲ್ಲಿ ಬಂದು, ಸ್ಪೈಡರ್‌ಮ್ಯಾನ್ ಅನ್ನುವ ಹೆಸರೇ ನನ್ನ ಹಳೇ ಫೈಲಿನಿಂದ ಹೋಗಿದ್ದು ಎನ್ನುತ್ತಾರೆ.

ನೊಣ ಒಂದೇ, ನೋಡಿದವರು ನಾಲ್ಕು ಜನ. ನೀವು ಯಾರನ್ನು ನಂಬುತ್ತೀರಿ?

ಹಳೇ ಸಂಚಿಕೆ
ಶನಿವಾರ, ರಾತ್ರಿ 10.15

ನಂಬುವ ಮಾತು ಆಮೇಲೆ. ಮೊದಲು ಆ ಕಂಪನಿಯಲ್ಲಿ ಕೆಲಸ ನಡೆಯುತ್ತಿದ್ದ ರೀತಿ ನೋಡಿ. ಜಗಳದ ಬೇರು ಅಲ್ಲೇ ಇದೆ.

ಬೇರೆ ಕಡೆ ಬರಹಗಾರ ಪೂರ್ತಿ ಸ್ಕ್ರಿಪ್ಟ್ ಕೊಡುತ್ತಿದ್ದ. ಯಾವ ಚೌಕದಲ್ಲಿ ಏನು, ಯಾರು ಏನು ಮಾತಾಡುತ್ತಾರೆ, ಎಲ್ಲ ಬರೆದಿರುತ್ತಿತ್ತು. ಮಾರ್ವೆಲ್‌ನಲ್ಲಿ ಲೀ ಒಬ್ಬರೇ ಹತ್ತಾರು ಪತ್ರಿಕೆ ನೋಡಿಕೊಳ್ಳಬೇಕಿತ್ತು. ಸಮಯ ಎಲ್ಲಿಂದ ಬರಬೇಕು? ಹಾಗಾಗಿ ಚಿತ್ರಕಾರನಿಗೆ ಕಥೆಯ ಎಳೆ ಹೇಳುವುದು. ಒಮ್ಮೊಮ್ಮೆ ಒಂದೆರಡು ಹಾಳೆಯಲ್ಲಿ, ಒಮ್ಮೊಮ್ಮೆ ಫೋನಿನಲ್ಲಿ. ಅವನು ಮನೆಗೆ ಹೋಗಿ ಇಪ್ಪತ್ತು ಪುಟ ಬರೆದು ತರುವುದು. ಆಮೇಲೆ ಲೀ ಗುಳ್ಳೆಗಳಲ್ಲಿ ಮಾತು ತುಂಬುವುದು. ಇದಕ್ಕೆ 'ಮಾರ್ವೆಲ್ ಮೆಥಡ್' ಎಂದು ಹೆಸರು.

ಈಗ ಹೇಳಿ, ಕಥೆ ಬರೆದವರು ಯಾರು? ಛಾಪಿಸಿದ್ದು 'ಬರಹ: ಸ್ಟ್ಯಾನ್ ಲೀ' ಎಂದು. ಬರಹದ ಸಂಭಾವನೆಯೂ ಅವರಿಗೇ. ಪಾತ್ರ ಎಲ್ಲಿ ನಿಲ್ಲಬೇಕು, ಯಾವಾಗ ಬೀಳಬೇಕು, ಕಥೆ ಎಲ್ಲಿ ತಿರುಗಬೇಕು ಎಂದು ತಲೆ ಕೆಡಿಸಿಕೊಂಡವನಿಗೆ ಚಿತ್ರದ ದುಡ್ಡು ಮಾತ್ರ. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು.

ಅರ್ಥಧಾರಿ
ಶನಿವಾರ, ರಾತ್ರಿ 10.32

@ಹಳೇ ಸಂಚಿಕೆ, ಕರಾವಳಿಯವನಿಗೆ ಇದು ಹೊಸದಲ್ಲ ಮಾರಾಯ್ರೆ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಕವಿಯದು, ಭಾಗವತರು ಹಾಡುತ್ತಾರೆ. ಆಮೇಲೆ ಕುಳಿತವನು ಅರ್ಧ ಗಂಟೆ ಮಾತಾಡುತ್ತಾನಲ್ಲ, ಅದು ಯಾವ ಪುಸ್ತಕದಲ್ಲೂ ಇಲ್ಲ. ಮನೆಗೆ ಹೋಗುವಾಗ ಜನ ಹೇಳುವುದು 'ಇವತ್ತು ಕರ್ಣ ಚೆನ್ನಾಗಿ ಮಾತಾಡಿದ' ಎಂದು. ಕವಿಯ ಹೆಸರು ಯಾರಿಗೂ ನೆನಪಿರುವುದಿಲ್ಲ.

ಲೀ ದೊಡ್ಡ ಅರ್ಥಧಾರಿ. ಒಪ್ಪೋಣ. ಆದರೆ ನಮ್ಮ ಯಾವ ಅರ್ಥಧಾರಿಯೂ ಪ್ರಸಂಗ ನಾನೇ ಕಟ್ಟಿದ್ದು ಎಂದು ಹೇಳಿಕೊಂಡದ್ದು ಕೇಳಿಲ್ಲ.

ಮಾತಿನ ಗುಳ್ಳೆ
ಭಾನುವಾರ, ಬೆಳಿಗ್ಗೆ 7.05

ಎಲ್ಲರೂ ಸೇರಿ ಮುದುಕನ ಮೇಲೆ ಬೀಳುವ ಮೊದಲು ನನ್ನದೂ ಸ್ವಲ್ಪ ಕೇಳಿ.

ಬೇರೆ ಕಂಪನಿಗಳು ಚಿತ್ರಕಾರರ ಹೆಸರೇ ಹಾಕದಿದ್ದ ಕಾಲ ಅದು. ಲೀ ಮೊದಲ ಪುಟದಲ್ಲೇ ಪೆನ್ಸಿಲ್ ಯಾರು, ಇಂಕ್ ಯಾರು, ಅಕ್ಷರ ಬರೆದವರು ಯಾರು ಎಂದು ಛಾಪಿಸಿದರು. ಓದುಗರು ಕರ್ಬಿಯನ್ನು 'ಕಿಂಗ್' ಎಂದು ಕರೆಯುವಂತೆ ಮಾಡಿದ್ದೂ ಅವರೇ. ಡಾಕ್ಟರ್ ಸ್ಟ್ರೇಂಜ್ ಎಂಬ ಪಾತ್ರ ಬಂದಾಗ, 1963ರಲ್ಲಿ, ಜೆರ್ರಿ ಬೇಲ್ಸ್ ಎಂಬ ಅಭಿಮಾನಿಗೆ ಲೀ ಒಂದು ಪತ್ರ ಬರೆದಿದ್ದಾರೆ. ಇದು ಸ್ಟೀವ್‌ನ ಐಡಿಯಾ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕದಿಯುವವನು ಹೀಗೆ ಕೈಯಾರೆ ಬರೆದುಕೊಡುತ್ತಾನಾ?

ಇನ್ನೊಂದು. ಪೀಟರ್ ಪಾರ್ಕರ್‌ನ ಮಾತು, ಆ ಗೊಣಗು, ಬಾಡಿಗೆ ಕಟ್ಟುವ ಚಿಂತೆ, ಇದೆಲ್ಲ ಇಲ್ಲದಿದ್ದರೆ ಆ ವೇಷವನ್ನು ಯಾರು ಮೂಸಿ ನೋಡುತ್ತಿದ್ದರು? ಲೀ ಇಲ್ಲದೆ ಡಿಟ್ಕೊ ಬರೆದ ಕಾಮಿಕ್ಸ್ ಓದಿ ನೋಡಿ. ಪಾತ್ರಗಳು ಭಾಷಣ ಮಾಡುತ್ತವೆ. ಲೀ ಇಲ್ಲದ ಕರ್ಬಿ ಪುಟಗಳ ಮಾತೂ ಬಿರುಸು.

ಕರಿಶಾಯಿ
ಭಾನುವಾರ, ಬೆಳಿಗ್ಗೆ 8.20

@ಮಾತಿನ ಗುಳ್ಳೆ, ಆ ಪತ್ರ ನನಗೂ ಇಷ್ಟ. ಆದರೆ ತಾರೀಖು ಗಮನಿಸಿ. 1963ರಲ್ಲಿ ಡಾಕ್ಟರ್ ಸ್ಟ್ರೇಂಜ್ ಅಂದರೆ ಇನ್ನೊಂದು ಪತ್ರಿಕೆಯ ಹಿಂದಿನ ಪುಟಗಳಿಗೆ ಹಾಕಿದ ಐದು ಪುಟದ ಫಿಲ್ಲರ್. ಅದನ್ನು ಯಾರ ಹೆಸರಿಗೆ ಬರೆದುಕೊಟ್ಟರೂ ನಷ್ಟವಿರಲಿಲ್ಲ. 1974ರ ಹೊತ್ತಿಗೆ ಮಾರ್ವೆಲ್ ದೊಡ್ಡ ಹೆಸರು. ಆಗ ಲೀ ಬರೆದ ಹುಟ್ಟಿನ ಕಥೆಗಳ ಪುಸ್ತಕದಲ್ಲಿ ಐಡಿಯಾ ಹೊಳೆಯುವುದು ಹೆಚ್ಚಾಗಿ ಲೀಗೇ.

ಸುಳ್ಳು ಹೇಳಿದರು ಎನ್ನುತ್ತಿಲ್ಲ. ಆ ಮನುಷ್ಯನ ನೆನಪೇ ಅಷ್ಟು. ಹೆಸರು ಮರೆತುಹೋಗುತ್ತದೆ ಎಂದೇ ಪೀಟರ್ ಪಾರ್ಕರ್, ರೀಡ್ ರಿಚರ್ಡ್ಸ್ ಅಂತ ಒಂದೇ ಅಕ್ಷರದ ಜೋಡಿ ಹೆಸರಿಡುತ್ತಿದ್ದೆ ಎಂದು ಅವರೇ ಹೇಳಿದ್ದಾರೆ. ಅಷ್ಟಾದರೂ ಹಲ್ಕ್‌ನ ಬ್ರೂಸ್ ಬ್ಯಾನರ್‌ನನ್ನು ಒಂದು ಸಂಚಿಕೆಯಲ್ಲಿ 'ಬಾಬ್ ಬ್ಯಾನರ್' ಮಾಡಿಬಿಟ್ಟರು! ಓದುಗರು ಹಿಡಿದಾಗ, ಅವನ ಪೂರ್ತಿ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ತೇಪೆ ಹಾಕಿದರು. ನೊಣದ ಕಥೆಯ ಬಗ್ಗೆಯೂ, ಎಷ್ಟು ಸಲ ಹೇಳಿದ್ದೇನೆ ಅಂದರೆ ನಿಜವೇ ಇರಬಹುದೇನೋ ಎಂದು ತಾವೇ ನಗುತ್ತಿದ್ದರು.

ಪೆನ್ಸಿಲ್ ಮೊನೆ
ಭಾನುವಾರ, ಬೆಳಿಗ್ಗೆ 11.10

ಬಾಯಿಮಾತು ಬಿಡಿ, ಕಾಗದ ನೋಡಿ.

ಕರ್ಬಿಯ ಮೂಲ ಪುಟಗಳ ಸ್ಕ್ಯಾನ್ ಎಲ್ಲಾದರೂ ಸಿಕ್ಕರೆ ಚೌಕದ ಹೊರಗಿನ ಅಂಚು ನೋಡಿ. ಸಣ್ಣ ಪೆನ್ಸಿಲ್ ಅಕ್ಷರದಲ್ಲಿ ಟಿಪ್ಪಣಿ ಇರುತ್ತದೆ. ಇವನು ಯಾಕೆ ಓಡುತ್ತಿದ್ದಾನೆ, ಇವಳು ಏನು ಹೇಳುತ್ತಾಳೆ, ಮುಂದೆ ಏನಾಗುತ್ತದೆ, ಎಲ್ಲವನ್ನೂ ಕರ್ಬಿ ಲೀಗೆ ವಿವರಿಸುತ್ತಿದ್ದಾರೆ. ಕಥೆ ಲೀ ತಲೆಯಲ್ಲೇ ಇದ್ದಿದ್ದರೆ ಲೀಗೇ ಅದನ್ನು ವಿವರಿಸುವ ಅಗತ್ಯ ಏನಿತ್ತು?

ಸಿಲ್ವರ್ ಸರ್ಫರ್ ವಿಷಯದಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಾರೆ, ಅಪರೂಪಕ್ಕೆ. ನಾಲ್ವರು ವೀರರ ತಂಡದ ಪತ್ರಿಕೆ ಫೆಂಟಾಸ್ಟಿಕ್ ಫೋರ್‌ನ 48ನೇ ಸಂಚಿಕೆಯ (1966ರ ಮಾರ್ಚ್) ಪುಟಗಳು ಬಂದಾಗ, ಹಲಗೆ ಮೇಲೆ ನಿಂತು ಆಕಾಶದಲ್ಲಿ ಜಾರುವ ಬೆತ್ತಲೆ ಬೆಳ್ಳಿ ಮನುಷ್ಯನೊಬ್ಬ ಇದ್ದ. ಇವನ್ಯಾರು ಎಂದು ಲೀ ಕೇಳಿದರು. ಗ್ರಹಗಳನ್ನೇ ನುಂಗುವ ಗೆಲಾಕ್ಟಸ್‌ನಂಥ ದೊಡ್ಡವನಿಗೆ ಮುಂದೆ ಹೋಗಿ ನೋಡಿಬರುವ ದೂತ ಬೇಡವೇ ಎಂದರು ಕರ್ಬಿ. ಲೀ ಇದನ್ನು ಖುಷಿಯಿಂದಲೇ ಹೇಳುತ್ತಿದ್ದರು.

ಮುಂದಿನದು ನೋವಿನ ಭಾಗ. 1968ರಲ್ಲಿ ಸರ್ಫರ್‌ಗೆ ಸ್ವಂತ ಪತ್ರಿಕೆ ಬಂತು. ಚಿತ್ರ ಜಾನ್ ಬುಸೆಮಾ ಅವರದು. ಕರ್ಬಿ ಮನಸ್ಸಿನಲ್ಲಿ ಸರ್ಫರ್ ಎಂದೂ ಮನುಷ್ಯನಾಗಿರಲಿಲ್ಲ, ಬರೀ ಶಕ್ತಿಯಿಂದ ಆದವನು. ಲೀ ಅವನಿಗೆ ಹೆಸರು, ಊರು, ಪ್ರೇಯಸಿ ಎಲ್ಲ ಕೊಟ್ಟು ಸಂಸಾರಸ್ಥನಾಗಬೇಕಿದ್ದವನನ್ನಾಗಿ ಮಾಡಿದರು. ಎರಡು ವರ್ಷದೊಳಗೆ ಕರ್ಬಿ ಎದುರಾಳಿ ಕಾಮಿಕ್ಸ್ ಕಂಪನಿ ಡಿಸಿಗೆ ಹೋದರು. ಅಲ್ಲಿ ಫಂಕಿ ಫ್ಲಾಶ್‌ಮನ್ ಎಂಬ ಬಾಯಿಬಡಾಯಿ ಪಾತ್ರ ಬರೆದು ಸೇಡು ತೀರಿಸಿಕೊಂಡರು. ಯಾರನ್ನು ನೋಡಿ ಬರೆದದ್ದು ಎಂದು ಹೇಳಬೇಕಿಲ್ಲ.

ಮಾತಿನ ಗುಳ್ಳೆ
ಭಾನುವಾರ, ಮಧ್ಯಾಹ್ನ 12.45

ಕಾಗದ ಎಂದರೆ ಲೀ ಕಡೆಯೂ ಇದೆಯಲ್ಲ. ಫೆಂಟಾಸ್ಟಿಕ್ ಫೋರ್ ಮೊದಲ ಸಂಚಿಕೆಗೆ ಲೀ ಟೈಪ್ ಮಾಡಿದ ಸಾರಾಂಶ ಉಳಿದಿದೆ, ಆಮೇಲೆ ಅಚ್ಚೂ ಆಗಿದೆ. ಮತ್ತೆ ಕರ್ಬಿ ಅದೇ ಸಂದರ್ಶನದಲ್ಲಿ, ಲೀ ಜೊತೆ ನಾನು ಯಾವತ್ತೂ ಸೇರಿ ಕೆಲಸ ಮಾಡಿಲ್ಲ, ಆತ ಏನನ್ನೂ ಬರೆದಿಲ್ಲ ಎಂದರಲ್ಲ, ಅದು ನಿಜವಾ? ಸ್ಪೈಡರ್‌ಮ್ಯಾನ್ ವೇಷ ನನ್ನದು ಎಂದದ್ದು? ಆ ಬಲೆಯ ಗೆರೆ, ಮುಖ ಪೂರ್ತಿ ಮುಚ್ಚಿದ ಮುಸುಕು ಡಿಟ್ಕೊ ಕೈಕೆಲಸ ಎಂದು ಕರ್ಬಿ ಅಭಿಮಾನಿಗಳೇ ಒಪ್ಪುತ್ತಾರೆ.

ಪೆನ್ಸಿಲ್ ಮೊನೆ
ಭಾನುವಾರ, ಮಧ್ಯಾಹ್ನ 1.30

ಒಪ್ಪಿದೆ. ಸಾರಾಂಶ ಇದೆ. ಅದು ಕರ್ಬಿ ಜೊತೆ ಮಾತಾಡುವ ಮೊದಲಿನದೋ ಆಮೇಲಿನದೋ ಎನ್ನುವುದೇ ಜಗಳ. ಕರ್ಬಿ ಅಂಥದ್ದನ್ನು ನೋಡೇ ಇಲ್ಲ ಎಂದರು. 1957ರಲ್ಲೇ ಡಿಸಿಯಲ್ಲಿ ನಾಲ್ಕು ಜನ ಸಾಹಸಿಗಳ ತಂಡವೊಂದನ್ನು ಕರ್ಬಿ ಬರೆದಿದ್ದರು ಎನ್ನುವುದೂ ನೆನಪಿರಲಿ.

ವೇಷದ ವಿಷಯದಲ್ಲಿ ಕರ್ಬಿ ತಪ್ಪು. ಮುಖಪುಟದ ವಿಷಯದಲ್ಲಿ ಸರಿ. ಡಿಟ್ಕೊ ಬರೆದ ಮುಖಪುಟವನ್ನು ಲೀ ಪಕ್ಕಕ್ಕಿಟ್ಟು ಕರ್ಬಿ ಕೈಲಿ ಬರೆಸಿದರು, ಡಿಟ್ಕೊ ಅದಕ್ಕೆ ಇಂಕ್ ಹಾಕಿದರು. ಒಂದು ನಿಜ ಇದ್ದರೆ ಅದರ ಸುತ್ತ ಇನ್ನೆರಡು ಬೆಳೆದುಬಿಡುತ್ತವೆ. ಸಂದರ್ಶನ ಕೊಟ್ಟ ಹೊತ್ತನ್ನೂ ನೋಡಿ. ಅದಕ್ಕೆ ಸ್ವಲ್ಪ ಮೊದಲು ತನ್ನದೇ ಮೂಲ ಚಿತ್ರಗಳನ್ನು ವಾಪಸ್ ಪಡೆಯಲು ಕರ್ಬಿ ವರ್ಷಗಟ್ಟಲೆ ಹೊಡೆದಾಡಿದ್ದರು. ಬೇರೆಯವರಿಗೆ ಒಂದು ಪುಟದ ಒಪ್ಪಂದ, ಇವರಿಗೆ ನಾಲ್ಕು ಪುಟದ್ದು. ಬರೆದದ್ದು ಹತ್ತು ಸಾವಿರ ಪುಟಕ್ಕೂ ಜಾಸ್ತಿ. ಮೊದಲು ಕೊಡುತ್ತೇವೆ ಎಂದದ್ದು 88. ಕೊನೆಗೆ 1987ರಲ್ಲಿ ಸಿಕ್ಕಿದ್ದು ಎರಡು ಸಾವಿರದ ಆಸುಪಾಸು. ಅಷ್ಟೆಲ್ಲ ಆದ ಮೇಲೆ ಬಾಯಲ್ಲಿ ಸಮತೋಲದ ಮಾತು ಬರುವುದು ಕಷ್ಟ.

ಹಳೇ ಸಂಚಿಕೆ
ಭಾನುವಾರ, ಸಂಜೆ 4.00

ಅದೇ ಸಂದರ್ಶನದ ಅಳುವ ಪ್ರಸಂಗ ಯಾರೂ ಎತ್ತಿಲ್ಲವಲ್ಲ! ನಾನು ಆಫೀಸಿಗೆ ಹೋದಾಗ ಮೇಜು ಕುರ್ಚಿ ಹೊರಗೆ ಸಾಗಿಸುತ್ತಿದ್ದರು, ಲೀ ಕೂತು ಅಳುತ್ತಿದ್ದ, ನಿಲ್ಲಿಸಿ ಎಂದು ನಾನು ಹೇಳಿದೆ. ಇದು ಕರ್ಬಿ ಮಾತು. ನಾನು ಅಳಲೇ ಇಲ್ಲ ಎಂದರು ಲೀ.

ಲೀ ಕಡೆಯ ಜೋಡಿ ಕಥೆ ಗಾಲ್ಫಿನದು. ಗುಡ್‌ಮನ್ ಡಿಸಿಯ ಜ್ಯಾಕ್ ಲೀಬೊವಿಟ್ಜ್ ಜೊತೆ ಗಾಲ್ಫ್ ಆಡುವಾಗ ಅವರು ತಮ್ಮ ವೀರರ ತಂಡದ ಪತ್ರಿಕೆ ಜಸ್ಟಿಸ್ ಲೀಗ್ ಚೆನ್ನಾಗಿ ಮಾರಾಟವಾಗುತ್ತಿದೆ ಎಂದು ಕೊಚ್ಚಿಕೊಂಡರು, ಗುಡ್‌ಮನ್ ಬಂದು ನಮಗೂ ಒಂದು ತಂಡ ಬೇಕು ಎಂದರು, ಹಾಗೆ ಫೆಂಟಾಸ್ಟಿಕ್ ಫೋರ್ ಹುಟ್ಟಿತು. ಅಂಥ ಆಟ ನಡೆದೇ ಇಲ್ಲ ಎನ್ನುವವರೂ ಇದ್ದಾರೆ.

ಕುರ್ಚಿ ಸಾಗಿಸಿದ್ದು ಪೂರ್ತಿ ಕಟ್ಟುಕಥೆ ಇರಲಾರದು. 1957ರಲ್ಲಿ ಕಂಪನಿ ನಿಜಕ್ಕೂ ಮುಳುಗುವ ಹಂತದಲ್ಲಿತ್ತು. ಹಂಚಿಕೆದಾರರು ಬಾಗಿಲು ಹಾಕಿದರು. ಹೊಸ ಹಂಚಿಕೆ ಸಂಸ್ಥೆ ಎದುರಾಳಿ ಡಿಸಿಯ ಕೈಯಲ್ಲೇ ಇತ್ತು, ತಿಂಗಳಿಗೆ ಎಂಟೇ ಪತ್ರಿಕೆ ಎಂದು ಕಟ್ಟು ಹಾಕಿತು. 1958ರ ಜೂನ್‌ನಲ್ಲಿ ಲೀಗೆ ಬಲು ಬೇಕಾದ ಚಿತ್ರಕಾರ ಜೋ ಮನೀಲಿ ರೈಲಿನಿಂದ ಬಿದ್ದು ತೀರಿಕೊಂಡರು. ಕರ್ಬಿ ಮರಳಿ ಬಂದದ್ದೂ ಆ ಹೊತ್ತಿಗೇ. ಕೆಲವರು ಎರಡನ್ನೂ ಕೂಡಿಸಿ ನೋಡುತ್ತಾರೆ. ಕೂಡಿಸಿದರೆ ಅಳು ಇತ್ತು, ಕಾರಣ ಬೇರೆ ಇತ್ತು ಎಂದಾಗುತ್ತದೆ. ನನಗಂತೂ ಇದು ಬಹಳ ದಿನ ಕಾಡಿತು.

ವಕೀಲರ ಗುಮಾಸ್ತ
ಭಾನುವಾರ, ರಾತ್ರಿ 8.25

ಕೋರ್ಟ್ ವಿಷಯ ಚುಟುಕಾಗಿ. ಕರ್ಬಿ 1994ರಲ್ಲಿ ಹೋದರು. 2009ರಲ್ಲಿ ಅವರ ಮಕ್ಕಳು ಹಕ್ಕು ವಾಪಸ್ ಕೇಳಿ 45 ನೋಟಿಸ್ ಕೊಟ್ಟರು. 2011ರಲ್ಲಿ ನ್ಯೂಯಾರ್ಕಿನ ಕೋರ್ಟ್ ಮಾರ್ವೆಲ್ ಪರ ತೀರ್ಪು ಕೊಟ್ಟಿತು, 2013ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2014ರ ಸೆಪ್ಟೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಕೇಸನ್ನು ತೆಗೆದುಕೊಳ್ಳಬೇಕೇ ಎಂದು ನೋಡುವ ಕೆಲವೇ ದಿನ ಮೊದಲು, ರಾಜಿ ಆಯಿತು. ಆಮೇಲೆ ಕರ್ಬಿ ಹೆಸರು ಲೀ ಪಕ್ಕದಲ್ಲಿ ಛಾಪಾಗತೊಡಗಿತು. ಡಿಟ್ಕೊ ಕಡೆಯವರದೂ 2023ರಲ್ಲಿ ರಾಜಿಯಲ್ಲೇ ಮುಗಿಯಿತು.

ಗಮನಿಸಬೇಕಾದ್ದು ಇಷ್ಟು. ಕೋರ್ಟ್ ಕೇಳಿದ ಪ್ರಶ್ನೆ 'ಯಾರು ಹುಟ್ಟಿಸಿದರು' ಎಂಬುದಲ್ಲ. 'ಯಾರ ಹೇಳಿಕೆಯ ಮೇಲೆ, ಯಾರ ಖರ್ಚಿನಲ್ಲಿ ಆಯಿತು' ಎಂಬುದು. ಕರ್ಬಿ ಮನೆಯಲ್ಲೇ ಕೂತು ಬರೆಯುತ್ತಿದ್ದರು, ಪೆನ್ಸಿಲ್ ಕಾಗದ ಅವರದೇ. ಆದರೂ ಪುಟಕ್ಕಿಷ್ಟು ಎಂದು ಕಂಪನಿ ಕೊಟ್ಟಿತಲ್ಲ, ಅಲ್ಲಿಗೆ ಮುಗಿಯಿತು. ಆ ತೀರ್ಪನ್ನು ಹಿಡಿದು 'ಲೀಯೇ ಹುಟ್ಟಿಸಿದ್ದು ಎಂದು ಕೋರ್ಟ್ ಹೇಳಿದೆ' ಎಂದು ವಾದಿಸುವವರು ದಯವಿಟ್ಟು ಇನ್ನೊಮ್ಮೆ ಓದಿ.

ಕಾರ್ಕಳದ ಕಡೆಯವಳು
ಭಾನುವಾರ, ರಾತ್ರಿ 9.10

ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮ ಅಮರ ಚಿತ್ರ ಕಥೆಗೂ ಎರಡು ಹುಟ್ಟಿನ ಕಥೆ ಇದೆ. ಎರಡಕ್ಕೂ ಕರ್ನಾಟಕದ ನಂಟು ಇದೆ.

ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, 1929ರಲ್ಲಿ. ಅವರು ಹೇಳುತ್ತಿದ್ದದ್ದು ಇದು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಕ್ವಿಜ್ ನೋಡಿದರು. ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಕೊಟ್ಟರು, ರಾಮನ ತಾಯಿ ಯಾರು ಎಂದರೆ ಸುಮ್ಮನಾದರು. ಅಲ್ಲಿಂದ ಅಮರ ಚಿತ್ರ ಕಥೆ.

ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಪ್ರಕಾಶನದ ಪರವಾಗಿ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಹೇಳಿದ್ದು ಬೇರೆ. ಈ ಐಡಿಯಾ ಬೆಂಗಳೂರಿನದು, ಮೊದಲ ಹತ್ತು ಪುಸ್ತಕ 1965ರಲ್ಲಿ ಕನ್ನಡದಲ್ಲಿ ಬಂದವು, ಚೆನ್ನಾಗಿ ಮಾರಾಟವಾದವು. ಅದನ್ನು ನೋಡಿಯೇ ಮುಂಬೈಯವರು ಇಂಗ್ಲಿಷಿನಲ್ಲಿ ಮಾಡಲು ಹೊರಟು ಪೈ ಅವರನ್ನು ಕರೆತಂದರು. ಪೈ ಒಳ್ಳೇ ತಂಡ ಕಟ್ಟಿದರು ಎಂದು ಮೆಚ್ಚಿಯೇ ಇದನ್ನು ಹೇಳಿದ್ದಾರೆ, ಹೊಟ್ಟೆಕಿಚ್ಚಿನಿಂದಲ್ಲ.

@ಪೆನ್ಸಿಲ್ ಮೊನೆ ಕಾಗದ ಕೇಳಿದರಲ್ಲ, ಇಲ್ಲಿದೆ. ರಾಮ್ ವಯೀರ್ಕರ್ ಚಿತ್ರ ಬರೆದ 'ಕೃಷ್ಣ' ಪುಸ್ತಕದ ನಂಬರ್ 11. ನಮ್ಮ ಪುರಾಣದ ಸಾಲು ಶುರುವಾಗುವುದೇ 11ರಿಂದ. ಮೊದಲ ಹತ್ತು ಸಿಂಡರೆಲ್ಲಾ ಥರದ ಪರದೇಶದ ಕಥೆಗಳು. ಹಾಗೆ ನೋಡಿದರೆ ಇಬ್ಬರ ಮಾತಿಗೂ ಜಾಗ ಇದೆ. ಚಿತ್ರಕಥೆ ಮಾರಾಟವಾಗುತ್ತದೆ ಎಂದು ತೋರಿಸಿದ್ದು ಬೆಂಗಳೂರು. ಅದರೊಳಗೆ ಕೃಷ್ಣನನ್ನು ಕೂರಿಸಿದ್ದು ಪೈ. ಹೇಳಲು ಚೆಂದ ಇದ್ದದ್ದು ಕ್ವಿಜ್ ಕಥೆ, ಅದು ಉಳಿಯಿತು. ನಂಬರ್ 11 ಯಾಕೆ ಎಂದು ಯಾರೂ ಕೇಳಲಿಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ, ಮೊದಲಿನ ಹತ್ತು ಯಾರೋ ಕದ್ದಿದ್ದಾರೆ ಎಂದು ಅಣ್ಣ ನಂಬಿಸಿದ್ದ.

ಗೆರೆಗಾರ
ಭಾನುವಾರ, ರಾತ್ರಿ 11.50

ಸುಮ್ನೆ ಓದಿ ಮಲಗೋಣ ಎಂದುಕೊಂಡಿದ್ದೆ. ಆಗಲಿಲ್ಲ.

ತೊಂಬತ್ತರ ದಶಕದಲ್ಲಿ ಒಂದು ವಾರಪತ್ರಿಕೆಗೆ ಎಂಟು ವಾರ ಚಿತ್ರಕಥೆ ಬರೆದಿದ್ದೆ. ಪತ್ರಿಕೆ ಹೆಸರು ಬೇಡ, ಗೆಳೆಯನ ಹೆಸರೂ ಬೇಡ. ಕಥೆ ಅವನದು. ಅಂಗೈಯಗಲದ ಚೀಟಿಯಲ್ಲಿ ಬರೆದು ಕೊಡುತ್ತಿದ್ದ: 'ಕಳ್ಳ ತೋಟಕ್ಕೆ ನುಗ್ಗುತ್ತಾನೆ. ನಾಯಿ ಹಿಡಿಯುತ್ತದೆ.' ನಾನು ಆ ನಾಯಿಗೆ ಮೂರೇ ಕಾಲು ಬರೆದೆ. ಮೂರು ಕಾಲಿನಲ್ಲಿ ಕುಪ್ಪಳಿಸಿ ಓಡುವ ನಾಯಿ ಓದುಗರಿಗೆ ಇಷ್ಟವಾಯಿತು. ಅದಕ್ಕೇ ಪತ್ರ ಬರತೊಡಗಿದವು.

ಹೋದ ವರ್ಷ ಒಂದು ಸಭೆಯಲ್ಲಿ ಅವನು, ಮೂರು ಕಾಲಿನ ನಾಯಿಯನ್ನು ನಾನು ಸೃಷ್ಟಿಸಿದೆ ಎಂದ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಮೈ ಉರಿಯಿತು. ಮನೆಗೆ ಬಂದು ಅಟ್ಟದ ಮೇಲಿನ ಫೈಲು ಇಳಿಸಿ ಚೀಟಿ ಹುಡುಕಿದೆ. ಬರೀ 'ನಾಯಿ' ಎಂದಿತ್ತು. ಗೆದ್ದೆ ಎಂದುಕೊಂಡು ಹೆಂಡತಿಗೆ ತೋರಿಸಿದೆ.

ಅವಳು ಚೀಟಿ ನೋಡಲೇ ಇಲ್ಲ. "ಅವರ ಊರಿನ ಮನೆಯಲ್ಲಿ ಕುಂಟು ನಾಯಿ ಇತ್ತಲ್ಲ. ನಮ್ಮ ಮದುವೆ ಆದ ವರ್ಷ ಊಟಕ್ಕೆ ಹೋಗಿದ್ದೆವು. ನಿಮ್ಮ ಎಲೆಯಿಂದಲೇ ಹಪ್ಪಳ ಎತ್ತಿಕೊಂಡು ಹೋಯ್ತು" ಎಂದಳು.

ನನಗೆ ಆ ಊಟ ನೆನಪಿದೆ. ಹಪ್ಪಳವೂ ನೆನಪಿದೆ. ನಾಯಿ ನೆನಪಿಲ್ಲ. ಫೈಲು ಮತ್ತೆ ಅಟ್ಟಕ್ಕೆ ಹೋಯಿತು. ಅವನಿಗೆ ಇನ್ನೂ ಫೋನ್ ಮಾಡಿಲ್ಲ.

ಮಾತಿನ ಗುಳ್ಳೆ
ಸೋಮವಾರ, ಬೆಳಿಗ್ಗೆ 6.50

@ಗೆರೆಗಾರ, ಮಾಡಿ ಸಾರ್. ಲೀ ಮತ್ತು ಡಿಟ್ಕೊ ಒಂದೇ ಪತ್ರಿಕೆ ಮಾಡುತ್ತಲೇ ಮಾತು ಬಿಟ್ಟಿದ್ದರು. ಡಿಟ್ಕೊ ಪುಟ ತಂದು ಆಫೀಸಿನ ಸಾಲ್ ಬ್ರಾಡ್‌ಸ್ಕಿ ಕೈಗೆ ಕೊಟ್ಟು ಹೋಗುತ್ತಿದ್ದರು, ಲೀ ಮುಖ ನೋಡುತ್ತಿರಲಿಲ್ಲ. 1966ರಲ್ಲಿ ಕೆಲಸವನ್ನೇ ಬಿಟ್ಟರು.

ಕರಿಶಾಯಿ
ಸೋಮವಾರ, ಬೆಳಿಗ್ಗೆ 9.00

ಅದೇ 1966ರ ಜನವರಿಯಲ್ಲಿ ಲೀ ನ್ಯೂಯಾರ್ಕಿನ ದಿನಪತ್ರಿಕೆಯೊಂದಕ್ಕೆ ಹೇಳಿದ್ದು ಅಚ್ಚಾಗಿದೆ. ಕಥೆಯ ಎಳೆಯ ಬಗ್ಗೆ ಜಗಳ ಜಾಸ್ತಿಯಾಗಿ, ನೀನೇ ಕಥೆ ಮಾಡಿಕೋ ಎಂದುಬಿಟ್ಟೆ, ಈಗ ಸ್ಪೈಡರ್‌ಮ್ಯಾನ್ ಕಥೆ ನಾನು ಕಟ್ಟುತ್ತಿಲ್ಲ ಎಂದು. ಅದೇ ಲೇಖನದಲ್ಲಿ ವರದಿಗಾರರು ಕರ್ಬಿಯನ್ನು ಒಳಉಡುಪು ಕಾರ್ಖಾನೆಯ ಸಹಾಯಕ ಮೇಸ್ತ್ರಿಗೆ ಹೋಲಿಸಿದ್ದರು. ಒಂದೇ ಲೇಖನ ಇಬ್ಬರ ಮನಸ್ಸನ್ನೂ ಮುರಿದು ಹಾಕಿತು ಎನ್ನಬಹುದು. ಆದರೆ ನನಗೆ ಬೇಕಾದ ಕಾಗದ ಇದು. ಆಗಿನದು, ಲೀ ಬಾಯಿಂದಲೇ ಬಂದದ್ದು.

1999ರಲ್ಲಿ ಲೀ ಬಹಿರಂಗ ಪತ್ರ ಬರೆದು, ಡಿಟ್ಕೊ ಸಹಸೃಷ್ಟಿಕರ್ತ ಎಂದು ತಾನು ಯಾವಾಗಲೂ 'ಪರಿಗಣಿಸಿದ್ದೇನೆ' ಎಂದರು. ಡಿಟ್ಕೊ ಆ ಒಂದು ಕ್ರಿಯಾಪದವನ್ನು ಹಿಡಿದುಕೊಂಡರು. ಪರಿಗಣಿಸುವುದು ಎಂದರೆ ಒಪ್ಪುವುದಲ್ಲ ಎಂದು ಬರೆದರು. 2018ರಲ್ಲಿ ಇಬ್ಬರೂ ತೀರಿಕೊಂಡರು, ಐದೇ ತಿಂಗಳ ಅಂತರದಲ್ಲಿ.

ವರ್ಜೀನಿಯಾದ ಬಿಸಿಬೇಳೆ
ಸೋಮವಾರ, ಸಂಜೆ 6.40

ತಡವಾಗಿ ನೋಡಿದೆ. ಅಮೇಜಿಂಗ್ ಫ್ಯಾಂಟಸಿ 15ರ ಮೂಲ ಪುಟಗಳು, 24 ಹಾಳೆ, ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 2008ರಲ್ಲಿ ಯಾರೋ ಹೆಸರು ಹೇಳದೆ ದಾನ ಕೊಟ್ಟರು. ನನಗೆ ಮುಕ್ಕಾಲು ಗಂಟೆ ದಾರಿ. ಮೊದಲೇ ಸಮಯ ಕೇಳಿದರೆ ತೋರಿಸುತ್ತಾರೆ.

ಒಂದು ಪುಟದ ಅಂಚಿನಲ್ಲಿ ಲೀ ಡಿಟ್ಕೊಗೆ ಬರೆದ ಚೀಟಿಯಂಥ ಟಿಪ್ಪಣಿ ಇದೆಯಂತಲ್ಲ? ಕಾರನ್ನು ಮುಚ್ಚಿದ ಕಾರು ಮಾಡು, ಕೈ ಹೊರಗೆ ಚಾಚಿದ್ದು ಬೇಡ, ಯದ್ವಾತದ್ವಾ ಓಡಿಸುತ್ತಿದ್ದಾರೆ ಅನ್ನಿಸಬಾರದು ಎಂದು. ಹೋದರೆ ಅದನ್ನೇ ಮೊದಲು ನೋಡುತ್ತೇನೆ. ಯಾರಿಗಾದರೂ ಬೇರೇನಾದರೂ ನೋಡಿಬರಬೇಕಿದ್ದರೆ ಹೇಳಿ.

ಪೆನ್ಸಿಲ್ ಮೊನೆ
ಸೋಮವಾರ, ಸಂಜೆ 7.15

ಆ ಟಿಪ್ಪಣಿ ಹೇಗೆ ಬರೆದಿದ್ದಾರೆ ನೋಡಿ ಬನ್ನಿ. ಅಕ್ಷರ ಅವಸರದ್ದೋ, ನಿಧಾನದ್ದೋ. ಪಕ್ಕದಲ್ಲಿ ಡಿಟ್ಕೊ ಏನಾದರೂ ಉತ್ತರ ಗೀಚಿದ್ದಾರೋ. ಎಲ್ಲಿ ಉಜ್ಜಿ ಅಳಿಸಿದ್ದಾರೆ, ಎಲ್ಲಿ ಬಿಳಿ ಬಣ್ಣ ಬಳಿದಿದ್ದಾರೆ ಎಂಬುದೂ ಬೇಕು.

ಬರೆದುಕೊಳ್ಳಲು ಪೆನ್ಸಿಲ್ ತಗೊಂಡು ಹೋಗಿ. ಒಳಗೆ ಪೆನ್ ಬಿಡುವುದಿಲ್ಲ.